ಸೈಕಲ್ ಪ್ರಶ್ನೋತ್ತರ: ಮೂರು ಸಾವಿರ ರೂಪಾಯಿಯಲ್ಲಿ ಎರಡು ಟೈರು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ರೇಸಿಂಗ್ ಸೈಕಲ್ಲಿನ, ಅಂದರೆ ಈಗ ಎಲ್ಲರೂ ರೋಡ್ ಬೈಕ್ ಎಂದು ಕರೆಯುವ ಸೈಕಲ್ಲಿನ ಟೈರುಗಳ ಬಗ್ಗೆಯೇ ಇವೆ. ಆದ್ದರಿಂದ ಗೇರು ಮತ್ತು ಬ್ರೇಕಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಇಲ್ಲಿ ಟೈರಿನ ಪ್ರಶ್ನೆಗಳಿಗಷ್ಟೇ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ವಿಜಯಪುರದಲ್ಲಿ ಬ್ಯಾಂಕ್ ನೌಕರ. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಕೊಂಡೆ. ಅದರ ಟೈರುಗಳ ಮೇಲೆ 700×23ಸಿ ಎಂದಿದೆ. ಹಿಂದಿನ ಟೈರು ಸವೆದು ಒಳಗಿನ ನೂಲು ಕಾಣುತ್ತಿದೆ, ಮುಂದಿನದರ ಪಕ್ಕೆಗಳು ಬಿರುಕು ಬಿಟ್ಟಿವೆ. ವಾರದ ದಿನಗಳಲ್ಲಿ ಕೆಲಸಕ್ಕೆ, ಭಾನುವಾರ ಸೋಲಾಪುರ ರಸ್ತೆಯಲ್ಲಿ ಐವತ್ತು–ಅರವತ್ತು ಕಿಲೋಮೀಟರ್ ಹೋಗುತ್ತೇನೆ; ಮುಂದೆ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮಾಡುವ ಆಸೆಯಿದೆ. ನನ್ನ ತೂಕ 68 ಕೆ.ಜಿ. ಅಂಗಡಿಯವರು ಸುಮಾರು 500, 1,400 ಮತ್ತು 4,800 ರೂಪಾಯಿಯ ಮೂರು ಬಗೆಯ ಟೈರು ತೋರಿಸಿದರು. ಎರಡೂ ಸೇರಿ ಮೂರು ಸಾವಿರಕ್ಕಿಂತ ಹೆಚ್ಚು ಹಾಕಲಾರೆ. ಗೆಳೆಯರು ಯಾವ ಟೈರಾದರೂ ಸರಿ, 120 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿದರೆ ವೇಗ ಬರುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೂರರಲ್ಲಿ ನಡುವಿನದನ್ನು ಕೊಳ್ಳಿ, ಆದರೆ ಈಗಿರುವ ಅಗಲದಲ್ಲಿ ಕೊಳ್ಳಬೇಡಿ. ನಿಮ್ಮ ಹಣದ ಮಿತಿಯಲ್ಲಿ ಸವಾರಿಯನ್ನು ನಿಜವಾಗಿ ಬದಲಾಯಿಸುವವು ಟೈರಿನ ಅಗಲ ಮತ್ತು ಅದರೊಳಗಿನ ಗಾಳಿ. ಹೆಸರು ಮತ್ತು ಬೆಲೆ ಅವುಗಳ ನಂತರ ಬರುವ ಮಾತು.

ನಿಮ್ಮ ಟೈರಿನ ಮೇಲಿರುವ 23 ಎಂಬುದು ಮಿಲಿಮೀಟರಿನಲ್ಲಿ ಅದರ ಅಗಲ. ಅದು ಒಂದು ಕಾಲದ ರೇಸಿನ ಅಳತೆ. ಕಳೆದ ಒಂದೂವರೆ ದಶಕದಲ್ಲಿ ವೃತ್ತಿಪರ ರೇಸುಗಳಲ್ಲಿಯೂ ಅದು ಮೊದಲು 25ಕ್ಕೆ, ಅನಂತರ 28ಕ್ಕೆ ಏರಿದೆ. ನಮ್ಮ ರಸ್ತೆಗಳಲ್ಲಿ, ಅದರಲ್ಲಿಯೂ ಡಾಂಬರಿನ ಮೇಲೆ ಜಲ್ಲಿ ಎದ್ದು ನಿಂತಿರುವ ಜಿಲ್ಲಾ ರಸ್ತೆಗಳಲ್ಲಿ, 28 ಮಿ.ಮೀ. ಟೈರು ಕೊಡುವ ನೆಮ್ಮದಿಯನ್ನು ಎಷ್ಟು ದುಬಾರಿಯ 23 ಮಿ.ಮೀ. ಟೈರೂ ಕೊಡಲಾರದು. ಪ್ರಶ್ನೆ ಇರುವುದು ನಿಮ್ಮ ಸೈಕಲ್ಲಿನಲ್ಲಿ ಅದಕ್ಕೆ ಜಾಗ ಇದೆಯೇ ಎಂಬುದರಲ್ಲಿ ಮಾತ್ರ. ಹಳೆಯ ರೋಡ್ ಬೈಕುಗಳ ಫೋರ್ಕು ಮತ್ತು ಬ್ರೇಕಿನ ಕಮಾನು ಬಹಳ ಇಕ್ಕಟ್ಟಾಗಿರುತ್ತವೆ. 23ರಿಂದ 28ಕ್ಕೆ ಹೋದರೆ ಟೈರು ಎರಡೂ ಪಕ್ಕಕ್ಕೆ ತಲಾ ಎರಡೂವರೆ ಮಿ.ಮೀ., ಮೇಲಕ್ಕೆ ನಾಲ್ಕೈದು ಮಿ.ಮೀ. ಬೆಳೆಯುತ್ತದೆ, ಅಷ್ಟು ಬೆಳೆದ ಮೇಲೂ ಸುತ್ತ ಮೂರು–ನಾಲ್ಕು ಮಿ.ಮೀ. ಖಾಲಿ ಉಳಿಯಬೇಕು, ಇಲ್ಲದಿದ್ದರೆ ಟೈರಿಗೆ ಅಂಟಿದ ಒಂದು ಹರಳು ಸಾಕು, ಚೌಕಟ್ಟಿನ ಬಣ್ಣ ಕೆರೆದುಹೋಗುತ್ತದೆ. ಇದನ್ನು ಅಳೆಯಲು ಅಲೆನ್ ಕೀಗಳ (ಆರು ಮೂಲೆಯ ತೂತಿನ ಸ್ಕ್ರೂ ತಿರುಗಿಸುವ ಕೀಗಳ) ಗೊಂಚಲೊಂದಿದ್ದರೆ ಸಾಕು. ಈಗಿನ ಟೈರಿನಲ್ಲಿ ಗಾಳಿ ತುಂಬಿಟ್ಟು, ಪಕ್ಕದ ಸಂದಿನಲ್ಲಿ 6 ಮಿ.ಮೀ. ಕೀ ಸಲೀಸಾಗಿ ಮತ್ತು ಮೇಲೆ ಬ್ರೇಕಿನ ಕೆಳಗೆ 8 ಮಿ.ಮೀ. ಕೀ ಹೋಗುವಂತಿದ್ದರೆ 28 ಹಾಕಿಕೊಳ್ಳಿ. ಅವು ಹೋಗದೆ ಪಕ್ಕದಲ್ಲಿ 5, ಮೇಲೆ 6 ಮಿ.ಮೀ. ಕೀ ಹೋಗುವಂತಿದ್ದರೆ 25ಕ್ಕೆ ತೃಪ್ತರಾಗಿ. ಹಿಂದಿನ ಚಕ್ರದಲ್ಲಿ ಸೀಟಿನ ಕೊಳವೆಯ ಬಳಿಯೂ, ಚೈನಿನ ಕಡೆಯ ಕೊಳವೆಗಳ ನಡುವೆಯೂ ಇದೇ ಪರೀಕ್ಷೆ ಮಾಡಿ. ಹಿಂದೆ ಮತ್ತು ಮುಂದೆ ಬೇರೆ ಬೇರೆ ಅಗಲದ ಟೈರು ಇದ್ದರೂ ದೋಷವೇನಿಲ್ಲ.

ಇನ್ನು ಬೆಲೆಯ ಮಾತು. ಟೈರು ಉರುಳುವಾಗ ನೆಲಕ್ಕೆ ತಾಗುವ ಭಾಗ ಪ್ರತಿ ಸುತ್ತಿಗೂ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಹಾಗೆ ಬಾಗುವಾಗ ರಬ್ಬರು ಮತ್ತು ನೂಲಿನ ಹೆಣಿಗೆ ನಿಮ್ಮ ಶಕ್ತಿಯ ಒಂದು ಪಾಲನ್ನು ಶಾಖವಾಗಿ ಕಳೆಯುತ್ತವೆ. ತೆಳುವಾದ, ಮೆತ್ತಗಿನ ಹೆಣಿಗೆ ಕಡಿಮೆ ಕಳೆಯುತ್ತದೆ. ದಪ್ಪ ನೂಲಿನ, ಬಿರುಸಾದ ಹೆಣಿಗೆ ಹೆಚ್ಚು ಕಳೆಯುತ್ತದೆ. ಟೈರಿನ ಮೇಲೆ ಟಿ.ಪಿ.ಐ. ಎಂದು ಬರೆದಿರುವುದು ಒಂದು ಅಂಗುಲದಲ್ಲಿ ಎಷ್ಟು ಎಳೆಗಳಿವೆ ಎಂಬ ಲೆಕ್ಕ. ತೀರ ಅಗ್ಗದ ಟೈರಿನಲ್ಲಿ ಅದು ಇಪ್ಪತ್ತು–ಮೂವತ್ತರೊಳಗೆ, ನಡುವಿನ ದರ್ಜೆಯಲ್ಲಿ ಸಾಮಾನ್ಯವಾಗಿ 60, ಮೇಲಿನ ದರ್ಜೆಯಲ್ಲಿ 100 ದಾಟಿರುತ್ತದೆ. ಕೆಲವು ಕಂಪನಿಗಳು 60 ಎಳೆಯ ಮೂರು ಪದರಗಳನ್ನು ಕೂಡಿಸಿ 180 ಎಂದು ಅಚ್ಚು ಹಾಕುವುದರಿಂದ, ಈ ಸಂಖ್ಯೆಯನ್ನೊಂದೇ ಹಿಡಿದು ಎರಡು ಕಂಪನಿಗಳ ಟೈರುಗಳನ್ನು ತೂಗಿ ನೋಡಬಾರದು.

ಪ್ರಯೋಗಶಾಲೆಯ ಉರುಳೆಯ ಮೇಲೆ ಗಂಟೆಗೆ ಸುಮಾರು 29 ಕಿ.ಮೀ. ವೇಗದಲ್ಲಿ ಅಳೆದರೆ, ಮೇಲ್ದರ್ಜೆಯ ಒಂದು ಟೈರು 10ರಿಂದ 12 ವ್ಯಾಟ್, ಸಾಧಾರಣ ದರ್ಜೆಯ ಟೈರು 18ರಿಂದ 20 ವ್ಯಾಟ್ ನುಂಗುತ್ತದೆ. ಎರಡು ಟೈರಿಗೆ ಸೇರಿ ಹದಿನಾರು ವ್ಯಾಟಿನ ಸುತ್ತಮುತ್ತಲಿನ ಈ ಅಂತರ ನಿಮ್ಮಂಥ ಸವಾರರಿಗೆ ಗಂಟೆಗೆ ಹೆಚ್ಚೆಂದರೆ ಒಂದು ಕಿಲೋಮೀಟರಿನ ಲಾಭ ಕೊಟ್ಟೀತು. 200 ಕಿ.ಮೀ. ಬ್ರೆವೆಗೆ ಹದಿಮೂರೂವರೆ ಗಂಟೆಗಳ ಕಾಲಾವಕಾಶವಿದೆ. ಗಂಟೆಗೆ 22 ಕಿ.ಮೀ. ಬದಲು 23 ಕಿ.ಮೀ. ಸರಾಸರಿಯಲ್ಲಿ ಹೋದರೆ ಉಳಿಯುವುದು ಅರ್ಧ ಗಂಟೆಗಿಂತ ಕಡಿಮೆ. ಆ ಅರ್ಧ ಗಂಟೆಯನ್ನು ಧಾಬಾದಲ್ಲಿ ಬೇಗ ಊಟ ಮುಗಿಸಿಯೂ ಉಳಿಸಬಹುದು. ಆದ್ದರಿಂದ ಕಾಂಟಿನೆಂಟಲ್ ಗ್ರ್ಯಾಂಡ್ ಪ್ರಿ 5000 ಅಥವಾ ವಿಟ್ಟೋರಿಯಾ ಕೋರ್ಸಾದಂಥ ಟೈರು ನಿಮಗೆ ಸದ್ಯಕ್ಕೆ ಬೇಡ. ವಿಟ್ಟೋರಿಯಾ ಜಫಿರೊ, ಕಾಂಟಿನೆಂಟಲ್ ಅಲ್ಟ್ರಾ ಸ್ಪೋರ್ಟ್, ಶ್ವಾಲ್ಬೆ ಲುಗಾನೊ ಇವೆಲ್ಲ ನೀವು ಹುಡುಕಬೇಕಾದ ದರ್ಜೆಯವು. ಇವುಗಳಲ್ಲಿ ನಿಮ್ಮ ಊರಿನ ಅಂಗಡಿಯಲ್ಲಿ ಯಾವುದು ಸಿಗುತ್ತದೆಯೋ, ಮತ್ತೆ ಬೇಕೆಂದಾಗ ಯಾವುದು ಸಿಗುತ್ತದೆಯೋ ಅದೇ ಒಳ್ಳೆಯದು. ಐನೂರು ರೂಪಾಯಿಯ ಟೈರನ್ನು ನಾನು ತೆಗೆದುಹಾಕುವುದಿಲ್ಲ. ಲೂಧಿಯಾನದ ರಾಲ್ಸನ್, ಮೆಟ್ರೊದಂಥ ಕಂಪನಿಗಳ ಟೈರುಗಳು ಊರೊಳಗಿನ ಓಡಾಟಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತವೆ. ಅರವತ್ತು ಕಿಲೋಮೀಟರು ದಾಟಿದ ಮೇಲೆ ಮಾತ್ರ ಅವುಗಳ ಬಿರುಸುತನ ಕೈಗೂ ಸೊಂಟಕ್ಕೂ ತಿಳಿಯತೊಡಗುತ್ತದೆ.

ಅದೇ ಟೈರು ಎರಡು ಬಗೆಯಲ್ಲಿ ಬರುತ್ತದೆ: ಅಂಚಿನಲ್ಲಿ ಉಕ್ಕಿನ ತಂತಿ ಇರುವುದು ಮತ್ತು ಮಡಚಬಹುದಾದದ್ದು. ಮಡಚುವ ಟೈರು ಐವತ್ತು ಗ್ರಾಮಿನಷ್ಟು ಹಗುರ, ಚೀಲದಲ್ಲಿ ಒಯ್ಯಲು ಅನುಕೂಲ, ಬೆಲೆ ಮಾತ್ರ ಗಮನಿಸುವಷ್ಟು ಹೆಚ್ಚು. ನೀವು ತಂತಿಯದನ್ನೇ ಕೊಳ್ಳಿ.

120 ಪಿ.ಎಸ್.ಐ. ಎಂಬುದು ಹಳೆಯ ನಂಬಿಕೆ. ಗಾಜಿನಂತೆ ನುಣುಪಾದ ನೆಲದಲ್ಲಿ ಹೆಚ್ಚು ಗಾಳಿ ಲಾಭವೇ ಸರಿ, ಆದರೆ ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಹರಳಿಗೂ ಪುಟಿಯುತ್ತದೆ, ಪುಟಿದಾಗಲೆಲ್ಲ ಮುಂದಕ್ಕೆ ಹೋಗಬೇಕಾದ ಶಕ್ತಿ ಸವಾರನ ಮೈಯನ್ನು ಅಲುಗಿಸುವುದರಲ್ಲಿ ವ್ಯರ್ಥವಾಗುತ್ತದೆ. ಟೈರಿನ ಪಕ್ಕೆಯ ಮೇಲೆ ಬರೆದಿರುವುದು ಮೀರಬಾರದ ಗರಿಷ್ಠ ಮಿತಿ. ಅಷ್ಟು ತುಂಬಬೇಕೆಂಬ ಸಲಹೆ ಅದಲ್ಲ. ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ ನಿಮ್ಮದು 80 ಕೆ.ಜಿ. ಎಂದುಕೊಂಡರೆ, 28 ಮಿ.ಮೀ. ಟೈರಿಗೆ ಹಿಂದೆ 75, ಮುಂದೆ 70 ಪಿ.ಎಸ್.ಐ.ನಿಂದ ಆರಂಭಿಸಿ, 25 ಮಿ.ಮೀ. ಆದರೆ ಹಿಂದೆ 90, ಮುಂದೆ 85. ಅಲ್ಲಿಂದ ವಾರಕ್ಕೊಮ್ಮೆ ಎರಡು–ಮೂರು ಪಿ.ಎಸ್.ಐ. ಇಳಿಸುತ್ತ ಹೋಗಿ, ಗುಂಡಿಯಲ್ಲಿ ರಿಮ್ ನೆಲಕ್ಕೆ ಬಡಿದಂತೆ ಅನ್ನಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.

ಇದಕ್ಕೆಲ್ಲ ಅಳತೆಯ ಮೀಟರು ಇರುವ, ನೆಲದ ಮೇಲೆ ನಿಲ್ಲಿಸಿ ಒತ್ತುವ ಪಂಪು ಬೇಕಾಗುತ್ತದೆ. ಬೆರಳಿನಿಂದ ಒತ್ತಿ ನೋಡಿದರೆ 70 ಮತ್ತು 100ರ ನಡುವಿನ ಅಂತರ ಯಾರಿಗೂ ತಿಳಿಯುವುದಿಲ್ಲ. ಹಣ ಸಾಲದಿದ್ದರೆ ಈ ತಿಂಗಳು ಟೈರು, ಮುಂದಿನ ತಿಂಗಳು ಪಂಪು ಎಂದು ಹಂಚಿಕೊಳ್ಳಿ. ಅಲ್ಲಿಯವರೆಗೆ ತೆಳು ಪ್ರೆಸ್ಟಾ ವಾಲ್ವಿಗೆ ತಿರುಗಿಸಿ ಕೂರಿಸುವ ಪುಟ್ಟ ಹಿತ್ತಾಳೆಯ ಅಡಾಪ್ಟರ್ ಇಟ್ಟುಕೊಂಡರೆ ಪಂಕ್ಚರ್ ಅಂಗಡಿಯಲ್ಲಿಯೇ ಗಾಳಿ ಹಿಡಿಸಬಹುದು. ಆದರೆ ಕಂಪ್ರೆಸರಿನ ಗಾಳಿ ಸಣ್ಣ ಟೈರಿನೊಳಗೆ ಕ್ಷಣಾರ್ಧದಲ್ಲಿ ತುಂಬಿಬಿಡುವುದರಿಂದ ತುಸು ತುಸುವಾಗಿ ಬಿಡಲು ಅವರಿಗೆ ಹೇಳಿ.

ಪ್ರಶ್ನೆ: ಜಮಖಂಡಿಯಿಂದ ಮುಧೋಳ ಮತ್ತು ರಬಕವಿ ಕಡೆಯ ರಸ್ತೆಗಳಲ್ಲಿ ಅಭ್ಯಾಸ ಮಾಡುವ ನಾವು ನಾಲ್ಕೈದು ಹುಡುಗರಿದ್ದೇವೆ. ಮಳೆಗಾಲ ಮುಗಿದು ಕಬ್ಬಿನ ಹಂಗಾಮು ಶುರುವಾಯಿತೆಂದರೆ ವಾರಕ್ಕೆ ಒಬ್ಬನಾದರೂ ಪಂಕ್ಚರ್ ಆಗಿ ಸೈಕಲ್ ನೂಕುತ್ತ ಬರುತ್ತಾನೆ. ಪಂಕ್ಚರ್ ಆಗದ ದಪ್ಪ ಟೈರು ತರಿಸೋಣವೆಂದು ಹಣ ಕೂಡಿಸುತ್ತಿದ್ದೇವೆ. ಯಾವುದನ್ನು ತರಿಸಬೇಕು?

ಉತ್ತರ: ತರಿಸುವ ಮೊದಲು ನಿಮ್ಮ ಪಂಕ್ಚರುಗಳು ಯಾವುದರಿಂದ ಆಗುತ್ತಿವೆ ಎಂದು ನೋಡಿ. ಏಕೆಂದರೆ ನಿಮ್ಮ ಭಾಗದಲ್ಲಿ ಮೂರು ಬೇರೆ ಬೇರೆ ಶತ್ರುಗಳಿವೆ, ಮೂರಕ್ಕೂ ಒಂದೇ ಮದ್ದಿಲ್ಲ.

ಮೊದಲನೆಯದು ನೆಗ್ಗಿಲು ಮುಳ್ಳು. ಮಳೆಗಾಲದಲ್ಲಿ ರಸ್ತೆಯಂಚಿಗೆ ಹಬ್ಬಿ ಹಳದಿ ಹೂ ಬಿಡುವ ಈ ಬಳ್ಳಿಯ ಕಾಯಿ ಒಣಗಿದ ಮೇಲೆ ಸಾಮಾನ್ಯವಾಗಿ ಐದು ಹೋಳಾಗಿ ಒಡೆಯುತ್ತದೆ. ಒಂದೊಂದು ಹೋಳಿಗೂ ಹಲವು ದಿಕ್ಕಿಗೆ ಚಾಚಿದ ಮುಳ್ಳುಗಳಿರುವುದರಿಂದ, ಅದು ನೆಲದ ಮೇಲೆ ಹೇಗೆ ಬಿದ್ದರೂ ಒಂದಾದರೂ ಮುಳ್ಳು ಮೇಲಕ್ಕೆ ನಿಂತಿರುತ್ತದೆ. ಮುಳ್ಳಿನ ಉದ್ದ ಅರ್ಧ ಸೆಂಟಿಮೀಟರಿನ ಆಸುಪಾಸಷ್ಟೇ. ಎರಡನೆಯದು ಜಾಲಿ ಕಂಟಿ. ಹೊಲದ ಬೇಲಿಗೆಂದು ಸಾಗಿಸುವಾಗ ಮುರಿದು ಬಿದ್ದ ಕಂಟಿಯ ಮುಳ್ಳು ಕೆಲವೊಮ್ಮೆ ಬೆರಳುದ್ದವಿರುತ್ತದೆ. ಅದು ನೇರವಾಗಿ ನಾಟಿದರೆ ಯಾವ ಟೈರೂ ತಡೆಯುವುದಿಲ್ಲ, ಹಾಗಾಗಿ ಅದರ ಚಿಂತೆ ಬಿಡಿ. ಮೂರನೆಯದು ಕಣ್ಣಿಗೆ ಬೀಳದ್ದು. ಲಾರಿಯ ಟೈರು ಸಿಡಿದಾಗ ಅದರೊಳಗಿನ ಕೂದಲಿನಂಥ ಉಕ್ಕಿನ ತಂತಿಯ ಚೂರುಗಳು ರಸ್ತೆಯಲ್ಲಿ ಉಳಿಯುತ್ತವೆ. ಇವು ಟೈರಿನೊಳಗೆ ಸಿಕ್ಕಿಕೊಂಡು ಹೊರಗೆ ಕಾಣುವುದಿಲ್ಲ, ಟ್ಯೂಬು ಬದಲಿಸಿದ ಅರ್ಧ ಗಂಟೆಗೆ ಮತ್ತೆ ಗಾಳಿ ಇಳಿಯುತ್ತದೆ.

ನೀವು ಕೇಳುತ್ತಿರುವ ದಪ್ಪ ಟೈರುಗಳಲ್ಲಿ ಹೆಸರುವಾಸಿಯಾದ ಶ್ವಾಲ್ಬೆ ಮ್ಯಾರಥಾನ್ ಪ್ಲಸ್‌ನ ಒಳಗೆ 5 ಮಿ.ಮೀ. ದಪ್ಪದ ರಬ್ಬರಿನ ಪಟ್ಟಿ ಇರುತ್ತದೆ. ನೆಗ್ಗಿಲಿಗೆ ಅದು ಒಳ್ಳೆಯ ತಡೆಯೇ. ಆದರೆ 28 ಮಿ.ಮೀ. ಅಗಲದ ಒಂದು ಟೈರೇ 700 ಗ್ರಾಮಿನ ಆಸುಪಾಸು ತೂಗುತ್ತದೆ, ನಡುವಿನ ದರ್ಜೆಯ ಸಾಮಾನ್ಯ ಟೈರು ಅದರ ಅರ್ಧದ ಆಸುಪಾಸಷ್ಟೇ ಇರುತ್ತದೆ. ಸಾಮಾನು ಹೊತ್ತು ದೂರ ಪ್ರಯಾಣ ಮಾಡುವವರಿಗೆ ಅದು ಸರಿ. ವೇಗ ಹೆಚ್ಚಿಸಿಕೊಳ್ಳಲು ಅಭ್ಯಾಸ ಮಾಡುವ ಹುಡುಗರಿಗೆ ಅದನ್ನು ನಾನು ಹೇಳಲಾರೆ. ಕಾಂಟಿನೆಂಟಲ್ ಗೇಟರ್‌ಸ್ಕಿನ್ ಈ ಎರಡರ ನಡುವಿನ ದಾರಿ. ಅದರ ಪಕ್ಕೆಗಳು ಗಟ್ಟಿ, ಬಾಳಿಕೆ ಹೆಚ್ಚು, ಉರುಳುವುದು ಮಾತ್ರ ಮಂದ. ಒದ್ದೆ ರಸ್ತೆಯಲ್ಲಿ ಅದರ ಹಿಡಿತ ಸಾಲದು ಎಂಬ ದೂರು ಸವಾರರಲ್ಲಿ ಹಳೆಯದು.

ಕೂಡಿಸಿದ ಹಣವನ್ನು ನಾನಾದರೆ ಹೀಗೆ ಖರ್ಚು ಮಾಡುತ್ತೇನೆ. ತಳದಲ್ಲಿ ರಕ್ಷಣೆಯ ಪಟ್ಟಿಯಿರುವ ನಡುವಿನ ದರ್ಜೆಯ ಟೈರು, ಚೌಕಟ್ಟು ಒಪ್ಪುವಷ್ಟು ಅಗಲದಲ್ಲಿ. ಅದರೊಳಗೆ ವಾಲ್ವಿನ ಕೋರ್ (ಒಳಭಾಗ) ಬಿಚ್ಚಲು ಬರುವ ಟ್ಯೂಬು. ದೀಪಾವಳಿಯಿಂದ ಮಾರ್ಚ್‌ವರೆಗೆ ಆ ಟ್ಯೂಬಿನಲ್ಲಿ ಸ್ವಲ್ಪ ಸೀಲಂಟ್ ದ್ರವ. ನೆಗ್ಗಿಲು ಮಾಡುವಂಥ ಸೂಜಿಮೊನೆಯ ತೂತನ್ನು ಅದು ತಾನಾಗಿ ಮುಚ್ಚುತ್ತದೆ. ದೊಡ್ಡ ತೂತಿಗೆ ಅದು ಆಗುವುದಿಲ್ಲ, ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗಿಯೂ ಹೋಗುತ್ತದೆ, ಆದ್ದರಿಂದ ವರ್ಷವಿಡೀ ತುಂಬಿಡುವುದು ದಂಡ. ಟೈರು ಮತ್ತು ಟ್ಯೂಬಿನ ನಡುವೆ ಹಾಕುವ ಪ್ಲಾಸ್ಟಿಕ್ ಪಟ್ಟಿಗಳ ಅಂಚು ಕಾಲಕ್ರಮೇಣ ಟ್ಯೂಬನ್ನೇ ಉಜ್ಜಿ ತೂತು ಮಾಡುವುದರಿಂದ ಅವುಗಳ ಮೇಲೆ ನನಗೆ ನಂಬಿಕೆಯಿಲ್ಲ.

ಖರ್ಚಿಲ್ಲದ ಅಭ್ಯಾಸ ಒಂದಿದೆ. ಟೈರು ಕೂರಿಸುವಾಗ ಅದರ ಮೇಲಿನ ಕಂಪನಿಯ ಹೆಸರು ಯಾವಾಗಲೂ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಆಗ ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆಯೋ ಟೈರಿನಲ್ಲಿಯೂ ಅಷ್ಟೇ ದೂರದಲ್ಲಿ ಮುಳ್ಳು ಸಿಗುತ್ತದೆ. ಆ ಜಾಗದ ಒಳಮೈಯಲ್ಲಿ ಹತ್ತಿಯ ಉಂಡೆಯನ್ನು ಸವರಿದರೆ ಉಕ್ಕಿನ ಚೂರಿಗೆ ಅದರ ಎಳೆ ಸಿಕ್ಕಿಕೊಳ್ಳುತ್ತದೆ. ಬೆರಳು ಸವರಿದರೆ ರಕ್ತ ಬರುತ್ತದೆ. ತೆಗೆಯಲು ಚಿಮಟ ಇಟ್ಟುಕೊಳ್ಳಿ. ತೂತು ಟ್ಯೂಬಿನ ಹೊರಮೈಯಲ್ಲಿರದೆ ರಿಮ್ಮಿನ ಕಡೆಗಿದ್ದರೆ ಮುಳ್ಳನ್ನು ಹುಡುಕಬೇಡಿ, ಕಡ್ಡಿಗಳ ತಲೆಯನ್ನು ಮುಚ್ಚುವ ರಿಮ್ ಟೇಪ್ ಸರಿದಿದೆಯೇ ನೋಡಿ. ಅಕ್ಕಪಕ್ಕ ಎರಡು ತೂತುಗಳಿದ್ದರೆ ಗಾಳಿ ಕಡಿಮೆಯಿದ್ದು ಗುಂಡಿಯಲ್ಲಿ ಟ್ಯೂಬು ರಿಮ್ಮಿಗೆ ಸಿಕ್ಕಿ ಜಜ್ಜಿದೆ ಎಂದರ್ಥ. ತೇಪೆ ಹಾಕುವಾಗ ಸಲೂಷನ್ ಹಚ್ಚಿ, ಅದು ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯ್ದು ಆಮೇಲೆ ಪ್ಯಾಚ್ ಒತ್ತಿ. ರಸ್ತೆಬದಿಯ ಅವಸರದಲ್ಲಿ ಹಾಕಿದ ತೇಪೆಗಳು ಕಳಚುವುದು ಈ ಎರಡು ನಿಮಿಷ ಕಾಯದಿರುವುದರಿಂದಲೇ.

ಪ್ರಶ್ನೆ: ಮುಧೋಳದ ನಮ್ಮ ಮನೆಯಲ್ಲಿ ಚಿಕ್ಕಪ್ಪನವರ ಹಳೆಯ ರೇಸ್ ಸೈಕಲ್ ಇದೆ. ಟೈರಿನ ಮೇಲಿನ ಅಕ್ಷರ ಅಳಿಸಿಹೋಗಿವೆ. ಅಂಗಡಿಯಲ್ಲಿ 28×1½ ಟೈರು ಕೊಟ್ಟರು, ಅದು ರಿಮ್ಮಿನಲ್ಲಿ ಸಡಿಲವಾಗಿ ಕೂರುತ್ತದೆ. ರೋಡ್ ಬೈಕಿನ ಟೈರು 28 ಇಂಚಿನದೇ ಅಲ್ಲವೇ?

ಉತ್ತರ: ಇಂಚಿನ ಲೆಕ್ಕವನ್ನು ನಂಬಬೇಡಿ. ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸವೇ ನಿಜವಾದ ಅಳತೆ, ಅದನ್ನು ಮಿಲಿಮೀಟರಿನಲ್ಲಿ ಹೇಳಲಾಗುತ್ತದೆ. ಹಾಲಿನ ಕ್ಯಾನು ಹೊರುವ ನಮ್ಮ ಕರಿ ಸೈಕಲ್ಲುಗಳ 28×1½ ಟೈರಿನದು 635 ಮಿ.ಮೀ.; ಇಂದಿನ ರೋಡ್ ಬೈಕುಗಳ 700ಸಿ ಟೈರಿನದು 622; ಹಳೆಯ ಕಾಲದ 27×1¼ ರೇಸಿಂಗ್ ಟೈರಿನದು 630. ಹೊಸ ಟೈರುಗಳ ಪಕ್ಕೆಯಲ್ಲಿ 25-622 ಅಥವಾ 32-630 ಎಂಬಂತೆ ಮೊದಲು ಅಗಲ, ಅನಂತರ ವ್ಯಾಸ ಬರೆದಿರುತ್ತದೆ. ಟೈರು ಸಡಿಲವಾಗಿ ಕೂರುವುದರಿಂದ ನಿಮ್ಮ ರಿಮ್ಮು 622 ಅಥವಾ 630 ಇರಬೇಕು. ಸೈಕಲ್ಲು ಹಳೆಯದಾದ್ದರಿಂದ ಕೊಳ್ಳುವ ಮೊದಲು ಗೆಳೆಯರೊಬ್ಬರ 700ಸಿ ಟೈರನ್ನು ಕೂರಿಸಿ ನೋಡಿ. ಅದು ರಿಮ್ಮನ್ನು ದಾಟಿ ಒಳಗೆ ಹೋಗಲೇ ಒಪ್ಪದಿದ್ದರೆ ನಿಮ್ಮದು 630. ಸಡಿಲ ಟೈರಿಗೆ ಮಾತ್ರ ಗಾಳಿ ತುಂಬಬೇಡಿ, ಅದು ರಿಮ್ಮಿನಿಂದ ಹಾರಿ ಟ್ಯೂಬು ಸಿಡಿಯುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕು. ಸೈಕ್ಲಿಂಗ್ ಸ್ಪರ್ಧೆಗಳ ನೆಲವಾದ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಳೆಯ ಸ್ಪರ್ಧಿಗಳ ಸೈಕಲ್ಲುಗಳು ಕೈಯಿಂದ ಕೈಗೆ ಬರುತ್ತವೆ, ಅವುಗಳಲ್ಲಿ ಕೆಲವಕ್ಕೆ ಟ್ಯೂಬಲರ್ ರಿಮ್ಮು ಇರುತ್ತದೆ. ಟೈರಿನ ಅಂಚನ್ನು ಹಿಡಿಯುವ ಗೋಡೆಗಳಿಲ್ಲದೆ ರಿಮ್ಮಿನ ಮೇಲ್ಭಾಗ ಬರಿಯ ತಗ್ಗಾಗಿದ್ದರೆ, ಅದಕ್ಕೆ ಟ್ಯೂಬಿನ ಸುತ್ತ ಹೊಲಿದು ಗೋಂದಿನಿಂದ ಅಂಟಿಸುವ ಟೈರೇ ಆಗಬೇಕು. ಕಡಿಮೆ ಖರ್ಚಿನಲ್ಲಿ ಓಡಿಸುವ ಉದ್ದೇಶವಿದ್ದರೆ ಅಂಥ ಟೈರಿಗೆ ಹಣ ಹಾಕದೆ, ಸಾಮಾನ್ಯ ರಿಮ್ಮಿನ ಬಳಸಿದ ಜೋಡಿ ಚಕ್ರ ಹುಡುಕುವುದು ಲೇಸು.

ಪ್ರಶ್ನೆ: ಬೆಳಗಾವಿಯಿಂದ ಜಾಂಬೋಟಿ, ಚೋರ್ಲಾ ಘಾಟಿನ ಕಡೆಗೆ ಮಳೆಯಲ್ಲಿಯೇ ಹೋಗುವ ಹವ್ಯಾಸ ನನ್ನದು. ನುಣುಪು ಟೈರು ಜಾರುವುದಿಲ್ಲವೇ? ಗೆರೆಗಳಿರುವ ಟೈರು ಕೊಳ್ಳಬೇಕೇ?

ಉತ್ತರ: ಡಾಂಬರಿನ ಮೇಲೆ ಗೆರೆಗಳಿಂದ ಹಿಡಿತ ಹೆಚ್ಚುವುದಿಲ್ಲ. ಕಾರಿನ ಅಗಲ ಟೈರು ನೀರಿನ ಮೇಲೆ ತೇಲುವುದನ್ನು ತಡೆಯಲು ಗೆರೆಗಳು ಬೇಕು. ಸೈಕಲ್ಲಿನ ಟೈರು ಕಿರಿದು, ಒಳಗಿನ ಒತ್ತಡ ಹೆಚ್ಚು, ಹೀಗಾಗಿ ಗಂಟೆಗೆ ನೂರು ಕಿಲೋಮೀಟರು ದಾಟಿದರೂ ಅದು ತೇಲುವ ಭಯವಿಲ್ಲ. ಒದ್ದೆಯಲ್ಲಿ ಹಿಡಿತ ಕೊಡುವುದು ರಬ್ಬರಿನ ಗುಣ ಮತ್ತು ರಸ್ತೆಯ ಒರಟುತನ. ಮಳೆಯ ದಿನ ಐದು ಪಿ.ಎಸ್.ಐ. ಇಳಿಸಿ, ಬಿಳಿ ಗೆರೆ ಮತ್ತು ಸೇತುವೆಯ ಕಬ್ಬಿಣದ ಪಟ್ಟಿಗಳ ಮೇಲೆ ಸೈಕಲ್ ವಾಲಿಸಬೇಡಿ. ಅಗ್ಗದ ಟೈರಿಗೂ ನಡುವಿನ ದರ್ಜೆಯ ಟೈರಿಗೂ ಇರುವ ವ್ಯತ್ಯಾಸ ನಿಜವಾಗಿ ತಿಳಿಯುವುದು ಘಾಟಿನ ಒದ್ದೆ ತಿರುವಿನಲ್ಲಿ; ನಿಮ್ಮಂಥವರು ಮಾತ್ರ ರಬ್ಬರಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೆ ತಪ್ಪಿಲ್ಲ.

ಪ್ರಶ್ನೆ: ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನ ಟೈರು ಸಿಡಿಯುತ್ತದೆ, ಅರ್ಧ ಗಾಳಿ ಸಾಕು ಎನ್ನುತ್ತಾರೆ. ನಿಜವೇ? (ಸಿಂದಗಿಯಿಂದ)

ಉತ್ತರ: ಬೆಳಿಗ್ಗೆ 25 ಡಿಗ್ರಿಯಲ್ಲಿ 80 ಪಿ.ಎಸ್.ಐ. ತುಂಬಿದ ಟೈರಿನ ಗಾಳಿ ಮಧ್ಯಾಹ್ನ 45 ಡಿಗ್ರಿಗೆ ಕಾದರೆ ಒತ್ತಡ 86ರ ಹತ್ತಿರ ಬರುತ್ತದೆ, ಅಷ್ಟೇ. ಒಳ್ಳೆಯ ಟೈರು ಅದಕ್ಕೆ ಸಿಡಿಯುವುದಿಲ್ಲ. ಸಿಡಿದರೆ ಟೈರಿನ ಅಂಚಿನಡಿಯಲ್ಲಿ ಟ್ಯೂಬು ಸಿಕ್ಕಿಕೊಂಡಿತ್ತು, ಅಥವಾ ಪಕ್ಕೆ ಮೊದಲೇ ಜೀರ್ಣವಾಗಿತ್ತು ಎಂದು ತಿಳಿಯಿರಿ. ಅರ್ಧ ಗಾಳಿಯಲ್ಲಿ ಓಡಿಸಿದರೆ ರಿಮ್ಮೇ ಹಾಳಾಗುತ್ತದೆ. ಬಿಸಿಲಿನ ನಿಜವಾದ ಹಾನಿ ರಬ್ಬರಿಗೆ. ಸೈಕಲ್ಲನ್ನು ನೆರಳಿನಲ್ಲಿ ನಿಲ್ಲಿಸಿದರೆ ಪಕ್ಕೆಗಳು ಬಿರುಕು ಬಿಡುವುದು ತಡವಾಗುತ್ತದೆ.

ಪ್ರಶ್ನೆ: ಹಿಂದಿನ ಟೈರು ಮಾತ್ರ ಸವೆದಿದೆ. ಅದೊಂದನ್ನೇ ಬದಲಿಸಿದರೆ ಸಾಕೇ? (ಇಳಕಲ್ಲಿನಿಂದ)

ಉತ್ತರ: ಒಂದೇ ಕೊಳ್ಳಿ, ಆದರೆ ಹೊಸದನ್ನು ಮುಂದೆ ಹಾಕಿ, ಈಗ ಮುಂದಿರುವುದನ್ನು ಹಿಂದಕ್ಕೆ ಸಾಗಿಸಿ. ಹೆಚ್ಚಿನ ಭಾರ ಹಿಂದೆ ಬೀಳುವುದರಿಂದ ಹಿಂದಿನದು ಎರಡು ಪಟ್ಟು ಬೇಗ ಸವೆಯುತ್ತದೆ, ಆದರೆ ಓಡುವಾಗ ಮುಂದಿನ ಟೈರು ಸಿಡಿದರೆ ಸೈಕಲ್ಲನ್ನು ಹಿಡಿದು ನಿಲ್ಲಿಸುವುದು ಬಹಳ ಕಷ್ಟ. ಟೈರಿನ ಮೇಲೆ ಬಾಣದ ಗುರುತಿದ್ದರೆ ಸಾಗಿಸುವಾಗ ಅದು ಚಕ್ರ ತಿರುಗುವ ದಿಕ್ಕಿಗೇ ಇರುವಂತೆ ನೋಡಿಕೊಳ್ಳಿ.